ಅದೇ ಪದ, ಬೇರೆ ಅರ್ಥ: ಸೋದರ ಭಾಷೆಗಳ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೆಲುಗು ಮತ್ತು ಮಲಯಾಳಂನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು, ಪಕ್ಕದ ಭಾಷೆ ಕಲಿಯಲು ಹೊರಟವರು, ಸುಮ್ಮನೆ ಪದಗಳ ಮೇಲೆ ಪ್ರೀತಿ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಬೇರೆ ಭಾಷೆಯ ಪದಗಳನ್ನೂ ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.

ಒಂದೇ ಪದ ಬೇರೆ ಬೇರೆ ಭಾಷೆಯಲ್ಲಿ ಬೇರೆ ಬೇರೆ ಅರ್ಥ ಕೊಡುವುದು ಅಂದರೆ ಏನು? ಒಂದು ಉದಾಹರಣೆ ಕೊಡಿ.

'ಅವಸರ' ತೆಗೆದುಕೊಳ್ಳಿ. ಕನ್ನಡದಲ್ಲಿ ಅವಸರ ಅಂದರೆ ಆತುರ, ಗಡಿಬಿಡಿ. ತಮಿಳಿನಲ್ಲೂ ಸುಮಾರಾಗಿ ಇದೇ ಅರ್ಥ. ತೆಲುಗಿಗೆ ಹೋದರೆ 'ಅವಸರಂ' ಅಂದರೆ ಅಗತ್ಯ: 'ನಾಕು ಡಬ್ಬು ಅವಸರಂ' ಅಂದರೆ 'ನನಗೆ ದುಡ್ಡು ಬೇಕು' ಎಂದು, ದುಡ್ಡಿಗಾಗಿ ಆತುರ ಪಡುತ್ತಿದ್ದಾರೆ ಎಂದಲ್ಲ. ಮಲಯಾಳಂನಲ್ಲಿ ಅದೇ 'ಅವಸರಂ' ಅವಕಾಶವಾಗುತ್ತದೆ. ಹಿಂದಿಯ 'ಅವಸರ್' ಕೂಡ ಅವಕಾಶವೇ.

ಹಾಗಾದರೆ ತೆಲುಗಿನವರು ಆತುರಕ್ಕೆ ಏನನ್ನುತ್ತಾರೆ? 'ತೊಂದರ'! 'ತೊಂದರ ಪಡಕು' ಎಂದರೆ 'ಅವಸರ ಮಾಡಬೇಡ'. ನಮ್ಮ ಕಿವಿಗೆ ಅದು 'ತೊಂದರೆ ಪಡಬೇಡ' ಎಂದೇ ಕೇಳಿಸುತ್ತದೆ. ಒಂದು ಪದ ತನ್ನ ಜಾಗ ಬಿಟ್ಟು ಸರಿದರೆ ಆ ಖಾಲಿ ಜಾಗಕ್ಕೆ ಇನ್ನೊಂದು ಪದ ಬಂದು ಕೂರುತ್ತದೆ. ಆದ್ದರಿಂದ ಇಂಥ ಪದಗಳನ್ನು ಒಂದೊಂದಾಗಿ ಕಲಿಯುವ ಬದಲು ಜೋಡಿಯಾಗಿ, ಗುಂಪಾಗಿ ಕಲಿಯುವುದು ಒಳ್ಳೆಯದು.

ಇದರಿಂದ ನಿಜವಾಗಿ ಏನಾದರೂ ನಷ್ಟವಾಗುತ್ತದೆಯೇ? ಸಂದರ್ಭ ನೋಡಿದರೆ ಗೊತ್ತಾಗುವುದಿಲ್ಲವೇ?

ಹೆಚ್ಚಿನ ಸಲ ಗೊತ್ತಾಗುತ್ತದೆ. ಗೊತ್ತಾಗದಿದ್ದಾಗ ಆಗುವ ಹಾನಿ ದೊಡ್ಡದು. ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಹಾಡುಗಾರರೊಬ್ಬರ ಮಲಯಾಳಂ ಸಂದರ್ಶನವನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ಅವರು ತಮ್ಮ ಮೊದಲ ವರ್ಷಗಳ ಬಗ್ಗೆ 'ಅವಸರಂ ಕಿಟ್ಟಿಯಿಲ್ಲ' ಎಂದಿದ್ದರು. ದಿನವಿಡೀ ಕೂತು ದಣಿದಿದ್ದ ಹೊತ್ತು, 'ನನಗೆ ಯಾವ ಅವಸರವೂ ಇರಲಿಲ್ಲ' ಎಂದು ಬರೆದು ಮುಂದಕ್ಕೆ ಹೋದೆ. ಅವರು ಹೇಳಿದ್ದು 'ನನಗೆ ಅವಕಾಶ ಸಿಗಲಿಲ್ಲ' ಎಂದು. ವೇದಿಕೆಗಾಗಿ ವರ್ಷಗಟ್ಟಲೆ ಕಾದು ನೊಂದ ಮನುಷ್ಯನ ಬಾಯಲ್ಲಿ ನಾನು ನೆಮ್ಮದಿಯ ಮಾತನ್ನು ಇಟ್ಟಿದ್ದೆ. ಕರಡನ್ನು ಮರುದಿನ ಗಟ್ಟಿಯಾಗಿ ಓದುವಾಗ ಮುಂದಿನ ಸಾಲಿನ ಬೇಸರಕ್ಕೂ ಈ ಸಾಲಿನ ನಿರಾಳಕ್ಕೂ ಹೊಂದದೆ ನಾಲಗೆ ತಡವರಿಸಿತು, ಆಗ ಮೂಲಕ್ಕೆ ಮರಳಿದೆ. ಮುಂದಿನ ಸಾಲು ಇಲ್ಲದಿದ್ದರೆ ಅದು ಹಾಗೇ ಅಚ್ಚಾಗುತ್ತಿತ್ತು. ನನ್ನ ಕನ್ನಡ ವಾಕ್ಯದಲ್ಲಿ ವ್ಯಾಕರಣದ ತಪ್ಪೂ ಇರಲಿಲ್ಲ, ಅರ್ಥವೂ ಆಗುತ್ತಿತ್ತು. ಇಂಥ ಪದಗಳು ಮೋಸ ಮಾಡುವುದೇ ಹೀಗೆ.

ಹಾಗಾದರೆ 'ಅವಸರ'ಕ್ಕೆ ಸರಿಯಾದ ಅರ್ಥ ಯಾವುದು?

ಎಲ್ಲವೂ ಸರಿ. ಸಂಸ್ಕೃತದಲ್ಲಿ ಅವಸರ ಅಂದರೆ ತಕ್ಕ ಸಮಯ, ಸಂದರ್ಭ. ತಕ್ಕ ಸಮಯ ಒದಗಿ ಬಂತು ಎಂದರೆ ಅವಕಾಶ. ಈ ಸಮಯಕ್ಕೆ ಇದು ಆಗಲೇಬೇಕು ಎಂದರೆ ಅಗತ್ಯ. ಸಮಯ ಮೀರುತ್ತಿದೆ ಎಂದರೆ ಆತುರ. ಒಂದೇ ಗಳಿಗೆಯನ್ನು ಒಬ್ಬರು ಬಾಗಿಲು ತೆರೆದಂತೆ ಕಂಡರು, ಇನ್ನೊಬ್ಬರು ಬಾಗಿಲು ಮುಚ್ಚುತ್ತಿರುವಂತೆ ಕಂಡರು. ನೂಲು ಎಲ್ಲೂ ಕಡಿದಿಲ್ಲ.

ಆದರೂ ಸಂಸ್ಕೃತದಲ್ಲಿ ಇರುವುದು ಮೂಲ ಅರ್ಥ, ಉಳಿದವು ಅಪಭ್ರಂಶ ಅಲ್ಲವೇ?

ಈ ಪ್ರಶ್ನೆಯೇ ಎಲ್ಲಕ್ಕಿಂತ ಹೆಚ್ಚು ಬರುತ್ತದೆ, ಮತ್ತು ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅಲ್ಲ. ಸಂಸ್ಕೃತದ ಒಳಗೇ ಅರ್ಥಗಳು ನಿಂತಲ್ಲಿ ನಿಂತಿಲ್ಲ. ಋಗ್ವೇದದಲ್ಲಿ 'ಮೃಗ' ಎಂದರೆ ಕಾಡುಪ್ರಾಣಿ, ಆಮೇಲಿನ ಕಾವ್ಯಗಳಲ್ಲಿ ಅದು ಹೆಚ್ಚಾಗಿ ಜಿಂಕೆ. ಕನ್ನಡದ 'ಮೃಗಾಲಯ', 'ಕ್ರೂರಮೃಗ' ಹಳೆಯ ಅರ್ಥವನ್ನೇ ಉಳಿಸಿಕೊಂಡಿವೆ. 'ಮೃಗನಯನಿ' ಎಂದಾಗ ಮಾತ್ರ ನಮ್ಮ ಮನಸ್ಸಿಗೆ ಜಿಂಕೆ ಬರುತ್ತದೆ. 'ಸಾಹಸ' ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧ, ಶಿಕ್ಷೆಗೆ ಗುರಿಯಾಗುವ ಕೃತ್ಯ. ಇಂದು ಸಾಹಸಕ್ಕೆ ಪ್ರಶಸ್ತಿ ಕೊಡುತ್ತೇವೆ.

'ಅಸುರ' ಇನ್ನೂ ದೊಡ್ಡ ಉದಾಹರಣೆ. ಋಗ್ವೇದದಲ್ಲಿ ವರುಣನನ್ನೇ ಅಸುರ ಎಂದು ಕರೆದದ್ದಿದೆ, ಅಲ್ಲಿ ಅದು ಗೌರವದ ಮಾತು. ಸಂಸ್ಕೃತದ ತೀರಾ ಹತ್ತಿರದ ಬಂಧು ಅವೆಸ್ತಾ ಭಾಷೆ, ಅಂದರೆ ಪ್ರಾಚೀನ ಇರಾನಿನ ಜರತುಷ್ಟ್ರ ಧರ್ಮದ ಗ್ರಂಥಗಳ ಭಾಷೆ. ಅಲ್ಲಿ ಅದೇ ಪದ 'ಅಹುರ' ಎಂದಾಗಿ ಪರಮ ದೈವದ ಹೆಸರಾಯಿತು: ಅಹುರ ಮಜ್ದಾ. ಅದೇ ಭಾಷೆಯಲ್ಲಿ 'ದಏವ' ಎಂದರೆ ದುಷ್ಟಶಕ್ತಿ. ನಮ್ಮಲ್ಲಿ ದೇವರು ಮೇಲೆ, ಅಸುರ ಕೆಳಗೆ. ಅವರಲ್ಲಿ ಅಹುರ ಮೇಲೆ, ದಏವ ಕೆಳಗೆ. ಇವುಗಳಲ್ಲಿ ಯಾವುದು ಅಪಭ್ರಂಶ ಎಂದು ಹೇಳುವುದು?

ಒಂದು ಪದ ಇಷ್ಟು ದೂರ ಹೋಗುವುದು ಹೇಗೆ? ದಾರಿ ತೋರಿಸಬಹುದೇ?

'ಶಿಕ್ಷೆ'ಯ ದಾರಿ ತೋರಿಸುತ್ತೇನೆ, ಏಕೆಂದರೆ ಅದರ ಗುರುತುಗಳು ಕನ್ನಡದಲ್ಲೇ ಇವೆ. ಸಂಸ್ಕೃತದ 'ಶಿಕ್ಷಾ' ಅಂದರೆ ಕಲಿಕೆ. ಆರು ವೇದಾಂಗಗಳಲ್ಲಿ ಒಂದಕ್ಕೆ ಅದೇ ಹೆಸರು, ವೇದದ ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರ ಅದು. ಹಿಂದಿಯಲ್ಲಿ ಇಂದಿಗೂ 'ಶಿಕ್ಷಾ' ಎಂದರೆ ವಿದ್ಯೆ. ಕನ್ನಡ, ತೆಲುಗು, ಮಲಯಾಳಂ, ಮರಾಠಿಗಳಲ್ಲಿ ಅದು ದಂಡನೆ.

ವಿದ್ಯೆ ದಂಡನೆಯಾದದ್ದು ಹೇಗೆ ಎಂದು ಅಚ್ಚರಿಪಡುವವರು ನಾವೇ ದಿನಾ ಆಡುವ ಮಾತನ್ನು ಕೇಳಿಸಿಕೊಳ್ಳಬೇಕು. 'ನಿನಗೆ ಬುದ್ಧಿ ಕಲಿಸ್ತೀನಿ', 'ಅವನಿಗೆ ತಕ್ಕ ಪಾಠ ಕಲಿಸಿದರು'. ಈ ಮಾತುಗಳಲ್ಲಿ ಬುದ್ಧಿ ಇದೆ, ಪಾಠ ಇದೆ, ಕಲಿಸುವುದೂ ಇದೆ. ಕೇಳಿದವನು ಮಾತ್ರ ಬೆನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ಶಿಕ್ಷಾ ಪದ ನಡೆದದ್ದೂ ಇದೇ ಹಾದಿಯಲ್ಲಿ: ಕಲಿಸುವುದು, ತಿದ್ದುವುದು, ಶಿಸ್ತಿಗೆ ತರುವುದು, ದಂಡಿಸುವುದು. ಕಲಿಕೆಯ ಅರ್ಥವನ್ನು ಕನ್ನಡ 'ಶಿಕ್ಷಣ', 'ಶಿಕ್ಷಕ'ಗಳಲ್ಲಿ ಬೇರೆಯಾಗಿ ಕಾಪಾಡಿಕೊಂಡಿತು. ಹಿಂದಿಯಲ್ಲಿ 'ಸರ್ವ ಶಿಕ್ಷಾ ಅಭಿಯಾನ್' ಆಗಿದ್ದ ಕೇಂದ್ರದ ಯೋಜನೆ ಕನ್ನಡದಲ್ಲಿ 'ಸರ್ವ ಶಿಕ್ಷಣ ಅಭಿಯಾನ' ಆದದ್ದು ಇದಕ್ಕೇ. ಆ ಒಂದು 'ಣ' ಇಲ್ಲದಿದ್ದರೆ ಎಲ್ಲ ಮಕ್ಕಳಿಗೂ ದಂಡನೆ ಎಂದಾಗುತ್ತಿತ್ತು.

ಯಾವ ಪದಗಳಲ್ಲಿ ಹೆಚ್ಚು ಎಚ್ಚರ ಬೇಕು?

ಅರ್ಥ ತೀರಾ ದೂರ ಹೋಗಿದ್ದರೆ ಅಪಾಯ ಕಡಿಮೆ. ಮಲಯಾಳಂನಲ್ಲಿ 'ಸಂಸಾರಂ' ಎಂದರೆ ಮಾತುಕತೆ. ಅಲ್ಲಿ ನಮ್ಮ ಸಂಸಾರವನ್ನು ಇಟ್ಟರೆ ವಾಕ್ಯ ಕೂಡಲೇ ಮುರಿದು ಬೀಳುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಬಂಗಾಳಿಯಲ್ಲಿ 'ಚೇಷ್ಟಾ' ಎಂದರೆ ಪ್ರಯತ್ನ. ಬಂಗಾಳಿಯ ಹುಡುಗ ಪರೀಕ್ಷೆಗೆ ಮುಂಚೆ 'ಚೇಷ್ಟೆ ಮಾಡುತ್ತೇನೆ' ಎಂದರೆ ಯಾರಾದರೂ ಅನುಮಾನ ಪಡುತ್ತಾರೆ.

ನಿಜವಾದ ಅಪಾಯ ಅರ್ಥ ಸ್ವಲ್ಪವೇ ಸರಿದ ಪದಗಳಲ್ಲಿ, ಅದರಲ್ಲೂ ಆಡಳಿತದ ಪದಗಳಲ್ಲಿ. ಮರಾಠಿ ಪತ್ರಿಕೆಯ 'ಉದ್ಯೋಗಮಂತ್ರಿ' ನಮ್ಮ ಕೈಗಾರಿಕಾ ಸಚಿವರು, ಉದ್ಯೋಗ ಕೊಡಿಸುವ ಸಚಿವರಲ್ಲ. ಮಲಯಾಳಂನ 'ವ್ಯವಸಾಯ ಮಂತ್ರಿ' ಕೂಡ ಕೈಗಾರಿಕಾ ಸಚಿವರೇ, ತೆಲುಗಿನ 'ವ್ಯವಸಾಯ ಶಾಖಾ ಮಂತ್ರಿ' ಕೃಷಿ ಸಚಿವರು. ಸುದ್ದಿಯನ್ನು ತಪ್ಪಾಗಿ ತಂದರೂ ವಾಕ್ಯ ಗಟ್ಟಿಯಾಗಿ ನಿಂತಿರುತ್ತದೆ. ಸಚಿವರು ಭಾಷಣ ಮಾಡಿದರು, ಅನುದಾನ ಘೋಷಿಸಿದರು, ಎಲ್ಲವೂ ಹೊಂದುತ್ತದೆ. ಖಾತೆ ಮಾತ್ರ ಬದಲಾಗಿರುತ್ತದೆ.

'ವ್ಯವಸಾಯ' ಬೇಸಾಯವೂ ಕೈಗಾರಿಕೆಯೂ ಆದದ್ದು ಹೇಗೆ?

ಮೂಲದಲ್ಲಿ ಎರಡೂ ಅಲ್ಲ. ವ್ಯವಸಾಯ ಎಂದರೆ ದೃಢ ನಿಶ್ಚಯ, ಹಿಡಿದ ಕೆಲಸ ಬಿಡದ ಪ್ರಯತ್ನ. ಭಗವದ್ಗೀತೆಯ 2ನೇ ಅಧ್ಯಾಯದ 41ನೇ ಶ್ಲೋಕದಲ್ಲಿ 'ವ್ಯವಸಾಯಾತ್ಮಿಕಾ ಬುದ್ಧಿಃ' ಎಂದು ಬರುತ್ತದಲ್ಲ, ಅದು ನಿಶ್ಚಯಗೊಂಡ ಬುದ್ಧಿ. ನಿಶ್ಚಯದಿಂದ ಶ್ರಮಕ್ಕೆ, ಶ್ರಮದಿಂದ ಹೊಟ್ಟೆಪಾಡಿನ ಕೆಲಸಕ್ಕೆ ಅರ್ಥ ಇಳಿದು ಬಂತು. ಹೊಟ್ಟೆಪಾಡಿನ ಕೆಲಸ ಎಂದಾಗ ಕನ್ನಡ, ತೆಲುಗು, ತಮಿಳುಗಳು ಹೊಲದ ಕಡೆ ಕೈ ತೋರಿಸಿದವು. ಹಿಂದಿ, ಮರಾಠಿ ವೃತ್ತಿ-ವ್ಯಾಪಾರದ ಕಡೆ ತೋರಿಸಿದವು, ಮಲಯಾಳಂ ಕೈಗಾರಿಕೆಯ ಕಡೆ. ನನಗೆ ತುಂಬಾ ಪ್ರಿಯವಾದ ಪದ ಇದು.

ಇದು ಸಂಸ್ಕೃತದಿಂದ ಬಂದ ಪದಗಳಿಗೆ ಮಾತ್ರವೇ? ಅಚ್ಚ ದ್ರಾವಿಡ ಪದಗಳಲ್ಲೂ ಹೀಗಾಗಿದೆಯೇ?

ಆಗಿದೆ. ಅಲ್ಲಿ ಗುರುತು ಹಿಡಿಯಲು ಸ್ವಲ್ಪ ಕಿವಿ ಪಳಗಬೇಕು, ಏಕೆಂದರೆ ಧ್ವನಿಯೂ ಬದಲಾಗಿರುತ್ತದೆ. ತಮಿಳು, ಮಲಯಾಳಂನ ಮೊದಲಕ್ಷರ 'ವ' ಅನೇಕ ಪದಗಳಲ್ಲಿ ಕನ್ನಡದ 'ಬ'ಕ್ಕೆ ಸಾಟಿ. ಹೀಗೆ ನಮ್ಮ 'ಬರೆ' ತಮಿಳಿನ 'ವರೈ'ಗೆ ಬಂಧು. ಆದರೆ ತಮಿಳಿನಲ್ಲಿ ವರೈ ಎಂದರೆ ಚಿತ್ರ ಬಿಡಿಸು. ಅಕ್ಷರ ಬರೆಯಲು ಅವರಿಗೆ 'ಎಳುದು' ಎಂಬ ಬೇರೆ ಪದವಿದೆ. ಮಲಯಾಳಂನ 'ವರ' ಎಂದರೆ ಗೆರೆ. ಮೊದಲು ಇದ್ದದ್ದು ಗೆರೆ, ಅಕ್ಷರ ಆಮೇಲೆ ಬಂದದ್ದು ಎಂದು ಊಹಿಸುವುದಕ್ಕೆ ನಿಘಂಟು ಬೇಡ. ನಾವು ಇಂದಿಗೂ 'ಚಿತ್ರ ಬರೆ' ಎನ್ನುತ್ತೇವೆ. ಬಿಸಿ ಕಬ್ಬಿಣ ತಾಗಿ ಮೈಮೇಲೆ ಗೆರೆ ಮೂಡಿದರೆ ಅದೂ 'ಬರೆ'ಯೇ.

'ಓದು' ಹಾಗೆಯೇ. ತಮಿಳಿನಲ್ಲಿ ಓದು ಎಂದರೆ ಗಟ್ಟಿಯಾಗಿ ಪಠಿಸು, ಮಂತ್ರ ಹೇಳು. ಶಿವಾಲಯಗಳಲ್ಲಿ ತೇವಾರದ ಹಾಡುಗಳನ್ನು ಹಾಡುವವರಿಗೆ 'ಓದುವಾರ್' ಎಂಬ ಹೆಸರು. ಪುಸ್ತಕ ಓದುವುದಕ್ಕೆ ಅವರು 'ಪಡಿ' ಎನ್ನುತ್ತಾರೆ. ಕನ್ನಡದಲ್ಲಿ ಓದು ಬಾಯಿಂದ ಕಣ್ಣಿಗೆ ಇಳಿದು ಮೌನವಾಯಿತು. 'ಕೇಳು' ಕನ್ನಡ, ತಮಿಳುಗಳಲ್ಲಿ ಎರಡೂ ಕೆಲಸ ಮಾಡುತ್ತದೆ: ಕಿವಿಯಿಂದ ಕೇಳುವುದು, ಪ್ರಶ್ನೆ ಕೇಳುವುದು. ಮಲಯಾಳಂ 'ಕೇಳ್ಕುಗ'ವನ್ನು ಕಿವಿಗಷ್ಟೇ ಬಿಟ್ಟು, ಪ್ರಶ್ನೆಗೆ 'ಚೋದಿಕ್ಕುಗ' ಇಟ್ಟುಕೊಂಡಿತು. 'ಮನೆ' ತಮಿಳಿನಲ್ಲಿ 'ಮನೈ'. ಇಂದಿನ ವ್ಯವಹಾರದಲ್ಲಿ ಅದು ಹೆಚ್ಚಾಗಿ ನಿವೇಶನ. ಅದರಿಂದಲೇ ಹುಟ್ಟಿದ 'ಮನೈವಿ' ಎಂದರೆ ಹೆಂಡತಿ, ನಮ್ಮ 'ಮನೆಯವಳು' ಇದ್ದಂತೆ.

ರೂಪ ಒಂದೇ ಇದ್ದರೆ ಮೂಲವೂ ಒಂದೇ ಎಂದು ತಿಳಿಯಬಹುದೇ?

ಖಂಡಿತ ಬೇಡ. ಪದಗಳ ಮೇಲೆ ಪ್ರೀತಿ ಇರುವವರು ಹೆಚ್ಚಾಗಿ ಎಡವುವುದು ಇಲ್ಲೇ.

ತುಳುವಿನಲ್ಲಿ 'ಇಲ್ಲ್' ಎಂದರೆ ಮನೆ. ತೆಲುಗಿನಲ್ಲಿ 'ಇಲ್ಲು'. 'ಇಲ್ಲಡ್ ಏರ್ ಉಲ್ಲೆರ್?' ಎಂದು ತುಳುವಿನಲ್ಲಿ ಯಾರಾದರೂ ಕೇಳಿದರೆ, 'ಮನೆಯಲ್ಲಿ ಯಾರಿದ್ದಾರೆ?' ಎಂದು. ಕನ್ನಡದ ಕಿವಿಗೆ ಮೊದಲು ಬೀಳುವುದು 'ಇಲ್ಲ'. ಇವೆರಡೂ ಒಂದೇ ಬೇರಿನವು ಎಂದು ಕಥೆ ಕಟ್ಟುವುದು ಸುಲಭ. ಆದರೆ ಬಂಧುಗಳನ್ನೆಲ್ಲ ಕರೆದು ವಿಚಾರಿಸಿದರೆ ಕಥೆ ನಿಲ್ಲುವುದಿಲ್ಲ. ಮಧ್ಯಭಾರತದ ಗೊಂಡಿ ಭಾಷೆಯಲ್ಲಿ ನಮ್ಮ 'ಇಲ್ಲ'ಕ್ಕೆ 'ಸಿಲ್ಲೆ', 'ಹಿಲ್ಲೆ' ಎಂಬ ರೂಪಗಳಿವೆ. ಅಂದರೆ 'ಇಲ್ಲ'ದ ಮೊದಲಲ್ಲಿ ಹಿಂದೆ ಒಂದು ವ್ಯಂಜನ ಇತ್ತು, ದಕ್ಷಿಣದ ಭಾಷೆಗಳಲ್ಲಿ ಅದು ಉದುರಿಹೋಯಿತು. ಮನೆಯ 'ಇಲ್'ಗೆ ಅಂಥ ವ್ಯಂಜನ ಇರಲಿಲ್ಲ. ಟಿ. ಬರೋ ಮತ್ತು ಎಂ. ಬಿ. ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ನಿಘಂಟು ಮಾಡಿದ್ದು ಇದನ್ನೇ: ಒಂದೊಂದು ಪದಕ್ಕೂ ಬಂಧುಗಳನ್ನು ಸಾಲಾಗಿ ನಿಲ್ಲಿಸಿ ಯಾರು ಯಾರ ಮನೆಯವರು ಎಂದು ವಿಂಗಡಿಸಿದ್ದು.

ಇನ್ನೊಂದು, 'ಪಾಲು'. ತೆಲುಗಿನಲ್ಲಿ ಪಾಲು ಎಂದರೆ ಹಾಲು. ನಮ್ಮಲ್ಲೂ ಹಳಗನ್ನಡದಲ್ಲಿ ಹಾಲು 'ಪಾಲ್' ಆಗಿತ್ತು. ಪದದ ಮೊದಲ 'ಪ' ಕಾರ 'ಹ' ಕಾರವಾಗುವ ದೊಡ್ಡ ಬದಲಾವಣೆ ಸುಮಾರು 10ನೇ ಶತಮಾನದಿಂದ ಕನ್ನಡದಲ್ಲಿ ನಡೆಯಿತು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಾಲ್ ಹಾಲಾಯಿತು. ಹಂಚಿಕೆಯ 'ಪಾಲು' ಮಾತ್ರ 'ಪ' ಬಿಡದೆ ಉಳಿಯಿತು. ಹೀಗಾಗಿ ತೆಲುಗಿನವರು ಹಾಲು ಎನ್ನುವುದು ನಮಗೆ ಹಂಚಿಕೆಯಾಗಿ ಕೇಳಿಸುತ್ತದೆ.

'ಸಾಕು' ಕೂಡ ಇಂಥದ್ದೇ. ತೆಲುಗಿನ 'ಸಾಕುಲು ಚೆಪ್ಪಕು' ಎಂದರೆ 'ನೆಪ ಹೇಳಬೇಡ'. ನಮ್ಮ ಸಾಕಿಗೂ ಅದಕ್ಕೂ ಸಂಬಂಧ ಕಲ್ಪಿಸಲು ಹೋಗಬೇಡಿ.

ಪಾರಸಿ, ಅರಬ್ಬಿ ಪದಗಳ ಕಥೆ ಏನು?

ಅವು ಇನ್ನೂ ದೂರದಿಂದ ನಡೆದು ಬಂದಿವೆ. ಅರಬ್ಬಿಯಲ್ಲಿ 'ತಕ್ರಾರ್' ಎಂದರೆ ಪುನರಾವರ್ತನೆ. ತುರ್ಕಿಯಲ್ಲಿ 'ತೆಕ್ರಾರ್' ಎಂದರೆ 'ಮತ್ತೊಮ್ಮೆ', ಅಷ್ಟೇ. ಹೇಳಿದ್ದನ್ನೇ ಹೇಳುತ್ತ ಹೋದರೆ ಏನಾಗುತ್ತದೋ ಅದು ಹಿಂದಿಯಲ್ಲಿ ಜಗಳವಾಯಿತು, ಕನ್ನಡದಲ್ಲಿ ತಕರಾರು ಅರ್ಜಿಯಾಯಿತು. 'ಗರೀಬ' ಅರಬ್ಬಿಯಲ್ಲಿ ಪರದೇಶಿ, ಅಪರಿಚಿತ. ನಮ್ಮಲ್ಲಿ ಬಡವ. ಕನ್ನಡದ 'ಪರದೇಶಿ' ಕೂಡ ಇದೇ ದಾರಿ ಹಿಡಿದಿದೆ: ಬೇರೆ ದೇಶದವನು ಎಂಬ ಪದ ದಿಕ್ಕಿಲ್ಲದವನು ಎಂದಾಯಿತು. ಊರು ಬಿಟ್ಟವನ ಪಾಡು ಎರಡು ಕಡೆಯೂ ಒಂದೇ ಆಗಿತ್ತು. 'ರಜೆ'ಯ ಮೂಲದಲ್ಲಿ ಇರುವುದು ಒಪ್ಪಿಗೆ. ಮೇಲಿನವರ ಒಪ್ಪಿಗೆ ಇದ್ದರೆ ತಾನೇ ರಜೆ!

ಭಾವನೆಗಳನ್ನು ಹೇಳುವ ಪದಗಳೂ ಹೀಗೆ ಬದಲಾಗುತ್ತವೆಯೇ?

ಅನುವಾದಕರನ್ನು ಹೆಚ್ಚು ಕಾಡುವುದೇ ಅವು. 'ಅಭಿಮಾನ' ನೋಡಿ. ಕನ್ನಡದಲ್ಲಿ ಅದು ಪ್ರೀತಿ ಬೆರೆತ ಹೆಮ್ಮೆ. ಡಾ. ರಾಜ್‌ಕುಮಾರ್ ತಮ್ಮನ್ನು ಮೆಚ್ಚಿದ ಜನರನ್ನು 'ಅಭಿಮಾನಿ ದೇವರುಗಳು' ಎಂದು ಕರೆದಾಗ ಆ ಪದಕ್ಕಿದ್ದ ಮಮತೆ ಎಲ್ಲ ಕನ್ನಡಿಗರಿಗೂ ಗೊತ್ತು. ಹಿಂದಿಯಲ್ಲಿ 'ಅಭಿಮಾನಿ' ಅಂದರೆ ಅಹಂಕಾರಿ. ಅಕ್ಷರ ಬದಲಿಸದೆ ಆ ಮಾತನ್ನು ಹಿಂದಿಗೆ ದಾಟಿಸಿದರೆ ಪ್ರೀತಿಯ ಕರೆ ನಿಂದೆಯಾಗುತ್ತದೆ. ಬಂಗಾಳಿಯಲ್ಲಿ ಅದೇ ಪದಕ್ಕೆ ಇನ್ನೂ ಸೂಕ್ಷ್ಮವಾದ ಅರ್ಥ: ತುಂಬ ಹತ್ತಿರದವರು ನಮ್ಮನ್ನು ಕಡೆಗಣಿಸಿದಾಗ ಮನಸ್ಸು ಮುದುಡಿಕೊಳ್ಳುತ್ತದಲ್ಲ, ಅದು. ಅಪರಿಚಿತರ ಮೇಲೆ ಆ ಅಭಿಮಾನ ಹುಟ್ಟುವುದಿಲ್ಲ. ಕನ್ನಡದಲ್ಲಿ ಅದಕ್ಕೆ ಮುನಿಸು ಎನ್ನಬಹುದು, ಆದರೂ ಅದರೊಳಗಿನ ನೋವು ಪೂರ್ತಿ ಬರುವುದಿಲ್ಲ. ಬಂಗಾಳಿಯಲ್ಲೇ 'ರಾಗ' ಎಂದರೆ ಕೋಪ ಕೂಡ. ಸಂಸ್ಕೃತದಲ್ಲಿ ರಾಗ ಎಂದರೆ ಬಣ್ಣ, ಕೆಂಪು, ಮೋಹ. ಮುಖ ಕೆಂಪೇರುವುದು ಮೋಹದಿಂದಲೂ ಹೌದು, ಸಿಟ್ಟಿನಿಂದಲೂ ಹೌದು.

'ಉಪನ್ಯಾಸ' ಹಿಂದಿಯಲ್ಲಿ ಕಾದಂಬರಿ. ನಾವು ಯಾಕೆ ಕಾದಂಬರಿ ಎನ್ನುತ್ತೇವೆ?

ಉಪನ್ಯಾಸ ಎಂದರೆ ಮುಂದಿಡುವುದು, ನಿರೂಪಿಸುವುದು. ನಾವು, ತೆಲುಗಿನವರು ವಿಷಯವನ್ನು ಸಭೆಯ ಮುಂದಿಟ್ಟೆವು. ಬಂಗಾಳಿ, ಹಿಂದಿಯವರು ಕಥೆಯನ್ನು ಓದುಗರ ಮುಂದಿಟ್ಟರು. ಪಶ್ಚಿಮದಿಂದ ಬಂದ ಹೊಸ ಪ್ರಕಾರಕ್ಕೆ ಹೆಸರು ಬೇಕಾದಾಗ ಕನ್ನಡ ಮತ್ತು ಮರಾಠಿ 7ನೇ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ನಾಯಕಿಯ ಹೆಸರನ್ನೇ ಇಟ್ಟುಕೊಂಡವು. ಒಬ್ಬ ಹೆಣ್ಣಿನ ಹೆಸರು ಒಂದು ಸಾಹಿತ್ಯ ಪ್ರಕಾರದ ಹೆಸರಾಯಿತು.

ಇದು ನಮ್ಮ ಭಾಷೆಗಳ ಸಮಸ್ಯೆ ಮಾತ್ರವೇ?

ಬಂಧು ಭಾಷೆಗಳಿರುವ ಎಲ್ಲ ಕಡೆಯೂ ಇದೆ. ಜರ್ಮನ್ ಭಾಷೆಯಲ್ಲಿ 'ಮೇರ್' ಎಂದರೆ ಸಮುದ್ರ, 'ಜೇ' ಎಂದರೆ ಸಾಮಾನ್ಯವಾಗಿ ಸರೋವರ. ಪಕ್ಕದ ಡಚ್ಚರಲ್ಲಿ 'ಮೇರ್' ಸರೋವರ, 'ಜೇ' ಸಮುದ್ರ. ಜೆಕ್ ದೇಶದ ಎಚ್ಚರಿಕೆಯ ಫಲಕಗಳ ಮೇಲೆ 'ಪೋಜೊರ್' ಎಂದಿರುತ್ತದೆ, 'ಗಮನಿಸಿ' ಎಂದು. ರಷ್ಯನ್ನರಿಗೆ ಅದು 'ನಾಚಿಕೆಗೇಡು'. ಇಂಗ್ಲಿಷಿನ 'ಗಿಫ್ಟ್' ಉಡುಗೊರೆ, ಜರ್ಮನ್ನಿನ 'ಗಿಫ್ಟ್' ವಿಷ. ಎರಡರ ಒಳಗೂ ಇರುವುದು 'ಕೊಡುವುದು' ಎಂಬ ಕ್ರಿಯೆಯೇ. ಗ್ರೀಕಿನಲ್ಲಿ 'ಡೋಸಿಸ್' ಎಂದರೂ ಕೊಡುವುದು, ಅದರಿಂದಲೇ ನಾವು ಔಷಧಿಗೆ ಹೇಳುವ 'ಡೋಸ್' ಬಂದದ್ದು. ಆ ಗ್ರೀಕ್ ಪದದ ಅನುಕರಣೆಯಲ್ಲಿ ಜರ್ಮನ್ನರ 'ಕೊಡುವುದು' ಔಷಧಿಯ ಪ್ರಮಾಣವಾಗಿ, ಕೊನೆಗೆ ವಿಷವಾಗಿ ನಿಂತಿತು. ಇಂಥ ಪದಗಳಿಗೆ 'ಹುಸಿ ಗೆಳೆಯರು' ಎಂಬ ಹೆಸರನ್ನು 1928ರಲ್ಲಿ ಇಬ್ಬರು ಫ್ರೆಂಚ್ ವಿದ್ವಾಂಸರು ಬಳಕೆಗೆ ತಂದರು. ನನಗೆ ಆ ಹೆಸರು ಅಷ್ಟು ಒಪ್ಪಿಗೆಯಿಲ್ಲ. ಗೆಳೆತನದಲ್ಲಿ ಹುಸಿಯಿಲ್ಲ, ಬೇರೆ ಬೇರೆ ಮನೆಯಲ್ಲಿ ಬೆಳೆದವರು ಅಷ್ಟೇ.

ಅನುವಾದ ಮಾಡುವಾಗ ಏನು ಮಾಡಬೇಕು?

ಕಷ್ಟದ ಪದಕ್ಕೆ ನಾವು ಹೇಗೂ ನಿಘಂಟು ತೆಗೆಯುತ್ತೇವೆ. ಸುಲಭವಾಗಿ ಕಂಡ ಪದಕ್ಕೆ ತೆಗೆಯಬೇಕು. ಅದೂ ಆ ಭಾಷೆಯವರು ತಮಗಾಗಿ ಬರೆದುಕೊಂಡ ನಿಘಂಟು ಆದರೆ ಉತ್ತಮ. ಪದವನ್ನು ಒಂಟಿಯಾಗಿ ನೋಡದೆ ಅದರ ಜೊತೆಗೆ ಯಾವ ಕ್ರಿಯಾಪದ ಬರುತ್ತದೆ ನೋಡಿ. 'ಅವಸರಂ' ಜೊತೆ 'ಕಿಟ್ಟಿ', ಅಂದರೆ 'ಸಿಕ್ಕಿತು' ಬಂದಿತ್ತು. ಅವಸರ ಯಾರಿಗೂ ಸಿಗುವುದಿಲ್ಲ, ಅವಸರ ಆಗುತ್ತದೆ. ಅಷ್ಟನ್ನು ನೋಡಿದ್ದರೆ ನಾನು ಅಂದು ಎಡವುತ್ತಿರಲಿಲ್ಲ. ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ, ಇಂಥ ಪದ ಸಿಕ್ಕಾಗಲೆಲ್ಲ ಅದು ಬಂದ ಇಡೀ ವಾಕ್ಯವನ್ನೇ ಅದರಲ್ಲಿ ಬರೆದಿಡುತ್ತೇನೆ.

ಒಂದೇ ಭಾಷೆಯೊಳಗೆ ಎರಡೂ ಅರ್ಥ ಉಳಿಯುವುದು ಉಂಟೇ?

ಉಂಟು. ತಮಿಳು, ಮಲಯಾಳಂಗಳಲ್ಲಿ 'ಕಲ್ಯಾಣಂ' ಎಂದರೆ ಮದುವೆ. ಸಂಸ್ಕೃತದಲ್ಲಿ ಒಳಿತು, ಮಂಗಳ. ಕನ್ನಡ ಎರಡನ್ನೂ ಇಟ್ಟುಕೊಂಡಿದೆ: 'ಸಮಾಜ ಕಲ್ಯಾಣ ಇಲಾಖೆ'ಗೆ ಅರ್ಜಿ ಹಿಡಿದು ಹೋಗುತ್ತೇವೆ, 'ಕಲ್ಯಾಣ ಮಂಟಪ'ಕ್ಕೆ ಉಡುಗೊರೆ ಹಿಡಿದು.